ಬಸ್ತಿ ದವಾಖಾನೆಗೆ ಅವ್ವ ಬಂದದ್ದು

ನಾಚಾರಂ ಕಾರ್ಖಾನೆಗಳ ಹಿಂದಿನ ಕೂಲಿಕಾರರ ಬಸ್ತಿಯ ದವಾಖಾನೆಯಲ್ಲಿ ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗಲು ಪುರುಸೊತ್ತಿರುವುದಿಲ್ಲ, ಅಷ್ಟೇ. ಎಂಬಿಬಿಎಸ್ ಮುಗಿಸುವ ಹೊತ್ತಿಗೆ ತರಬೇತಿಗೆಂದು ಅಲ್ಲಿಗೆ ಹೋದವಳು ನಾನು. ಅಲ್ಲೇ ಉಳಿಯಬೇಕೆಂದು ನನ್ನ ಆಸೆ, ಹಿಮಾಯತ್‌ನಗರದಲ್ಲಿ ಸೋದರಮಾವನ ಎಸಿ ಕ್ಲಿನಿಕ್ಕಿನಲ್ಲಿ ಕೂರಬೇಕೆಂದು ಅವ್ವನ ಹಟ.

೧. ಹಂಚಿ ತಿನ್ನುವವರು

ಒಬ್ಬ ಅಜ್ಜಿಗೆ ತಿಂಗಳಿಗಾಗುವಷ್ಟು ಬಿಪಿ ಮಾತ್ರೆ ಕೊಟ್ಟಿದ್ದೆ. ವಾರದೊಳಗೆ ಖಾಲಿ ಡಬ್ಬಿ ಹಿಡಿದು ಬಂದಳು.

"ಎಲ್ಲಾ ನೀನೇ ನುಂಗಿದೆಯಾ?"

"ಛೇ, ಇಲ್ಲ ಬಿಡ್ಡಾ, ಇಲ್ಲ ಮಗಳೇ. ಓಣಿ ಹೆಂಗಸರೆಲ್ಲ ಕಟ್ಟೆ ಮೇಲೆ ಕೂತಿರ್ತಾರೆ. ಅವರೆದುರು ನಾನೊಬ್ಬಳೇ ಹೇಗೆ ತಿನ್ನಲಿ?"

ಓಣಿಯವರನ್ನೆಲ್ಲ ಕರೆಸಿ ಪರೀಕ್ಷೆ ಮಾಡಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಮಾತ್ರೆ ಕಹಿಯಾಯಿತು, ಮುಂದಿನ ಸಲ ಬೇರೆ ಕೊಡಿ ಎಂದರು.

೨. ನೋವು ಎಲ್ಲಿ?

ಕಾರ್ಖಾನೆಯವನೊಬ್ಬ ಹೆಂಡತಿಯೊಂದಿಗೆ ಬಂದ. ಹೊಟ್ಟೆನೋವು. ನಾನು ಕೇಳಿದ್ದಕ್ಕೆಲ್ಲ ಆಕೆಯೇ ಉತ್ತರ ಕೊಟ್ಟಳು. ರೋಗಿಯ ಬಾಯಿಂದಲೇ ಕೇಳಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರಲ್ಲ, ಆಕೆಯನ್ನು ಹೊರಗೆ ಕಳಿಸಿದೆ.

"ಈಗ ನೀನೇ ಹೇಳಪ್ಪ, ನೋವು ಎಲ್ಲಿ?"

ಅವನು ಎದ್ದು ಬಾಗಿಲು ತೆರೆದು ಹೆಂಡತಿಯನ್ನು ಕೇಳಿದ, "ಎಲ್ಲಿ ಅಂತಿದ್ದಾರೆ, ಏನು ಹೇಳಲಿ?"

೩. ಅವ್ವನ ಸರದಿ

ಒಂದು ದಿನ ಅವ್ವ ಹೇಳದೆ ಕೇಳದೆ ಬಂದಳು. "ಇಲ್ಲಿ ಏನೈತಿ ಅಂತ ಕುಂತೀ? ನಡಿ ಮನಿಗೆ. ಮಾಮಾಗ ಮಾತು ಕೊಟ್ಟೀನಿ."

ರೋಗಿಗಳ ಸಾಲು ಮುಗಿಯಲಿ ಎಂದೆ. ಮುಖ ಗಂಟಿಕ್ಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು. ಇಂದಿಗೆ ಇಲ್ಲಿನ ಋಣ ತೀರಿತು ಎಂದು ನನಗೆ ಅಳುವೇ ಬಂತು.

ಡಾಕ್ಟರಮ್ಮನ ತಾಯಿ ಎಂದು ಗೊತ್ತಾದದ್ದೇ ತಡ, ಸಾಲು ಬೆಂಚಿನ ಕಡೆ ತಿರುಗಿತು. ಡಾಕ್ಟರನ್ನೇ ಹೆತ್ತವಳಿಗೆ ಇನ್ನೆಷ್ಟು ಗೊತ್ತಿರಬೇಡ! ಅತ್ತೆಯೊಂದಿಗೆ ಬಂದಿದ್ದ ಬಸುರಿ ಹುಡುಗಿಯೊಬ್ಬಳು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಳು. ಹೆಚ್ಚು ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂದು ಅತ್ತೆಯ ಕಟ್ಟಪ್ಪಣೆ. ನಾನು ಚಿತ್ರ ತೋರಿಸಿ ಹೇಳಿದರೂ ಅತ್ತೆ ಕಿವಿಗೆ ಹಾಕಿಕೊಂಡಿರಲಿಲ್ಲ. ಅವ್ವ ತನ್ನ ಹರಕುಮುರುಕು ತೆಲುಗಿನಲ್ಲಿ ಝಾಡಿಸಿದಳು ನೋಡಿ, ಅತ್ತೆ ಕಿವಿ ಹಿಡಿದುಕೊಂಡು ಮೂರು ಹೊತ್ತೂ ಉಣಿಸುತ್ತೇನೆಂದಳು.

ಸಾಲು ಮುಗಿದ ಮೇಲೆ ಇಬ್ಬರೂ ಆಟೋ ಹತ್ತಿದೆವು. ಮನೆ ಮುಟ್ಟಿದ ಮೇಲೆ ನಾನೇ ಸೋತು ಹೇಳಿದೆ, "ಆತು ಬಿಡವ್ವಾ, ಹಿಮಾಯತ್‌ನಗರಕ್ಕೇ ಹೋಗ್ತೀನಿ."

"ಬೇಕಾದ್ರ ಹೋಗು," ಎಂದಳು. "ನಾ ಮಾತ್ರ ಗುರುವಾರ ಬಸ್ತಿಗೆ ಬರ್ತೀನಂತ ಹೇಳಿ ಬಂದೀನಿ. ಆ ಅತ್ತಿ ನಿನ್ನ ಮಾತು ಕೇಳಂಗಿಲ್ಲ."