ನಾಲ್ಕಿಂಚು ಎತ್ತರದ ಆಸೆ

ಯಾವ ತೀರ್ಮಾನವನ್ನೂ ನಾನು ಸಕಾಲದಲ್ಲಿ ತೆಗೆದುಕೊಂಡವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋಟೆಲಿಗೆ ಹೋದರೆ ಮೆನುವನ್ನು ಪ್ರಶ್ನೆಪತ್ರಿಕೆಯ ಹಾಗೆ ಹಿಂದೆ ಮುಂದೆ ಓದಿ, ಕೊನೆಗೆ ಪಕ್ಕದವರು ಹೇಳಿದ್ದನ್ನೇ ಹೇಳುವ ಆಸಾಮಿ ನಾನು. ವಸುಧಾಳನ್ನು ನೋಡಲು ಮೈಸೂರಿಗೆ ಹೋದಾಗ ಉಪ್ಪಿಟ್ಟು, ಕೇಸರಿಬಾತು ತಿಂದು 'ತಿಳಿಸುತ್ತೇವೆ' ಎಂದು ಎದ್ದುಬಂದವನು ತಿಳಿಸಲು ನಾಲ್ಕು ತಿಂಗಳು ತೆಗೆದುಕೊಂಡೆ. ಹುಡುಗಿ ಇಷ್ಟವಾಗಿರಲಿಲ್ಲ ಎಂದಲ್ಲ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗಲೇ ಇಷ್ಟವಾಗಿದ್ದಳು. ಆದರೆ ಹೂಂ ಅನ್ನುವುದಕ್ಕೆ ಧೈರ್ಯ ಬೇಕಲ್ಲ! ಕೊನೆಗೆ ಅವಳ ತಂದೆಯೇ ಫೋನ್ ಮಾಡಿ, "ಏನಪ್ಪಾ, ನಮ್ಮನೆ ಉಪ್ಪಿಟ್ಟು ಇನ್ನೂ ಅರಗಿಲ್ವಾ?" ಎಂದು ಕೇಳಿದ ಮೇಲೆ ಮದುವೆಯಾಯಿತು. ಆ ನಾಲ್ಕು ತಿಂಗಳನ್ನು ವಸುಧಾ ಇಪ್ಪತ್ತೆರಡು ವರ್ಷಗಳಿಂದ ಎತ್ತಿ ಆಡುತ್ತಲೇ ಇದ್ದಾಳೆ.

ಇಂಥವನು ಪಿಕಪ್ ಟ್ರಕ್ ಒಂದನ್ನು ಹೇಗೆ ಕೊಂಡ ಎಂದು ನೀವು ಕೇಳಬಹುದು. ಕೊಂಡದ್ದು ನಾನಲ್ಲ, ಬಸವರಾಜ. ಅವನು ನನ್ನ ಇಂಜಿನಿಯರಿಂಗ್ ಕಾಲದ ಗೆಳೆಯ, ಹುಬ್ಬಳ್ಳಿಯವನು, ಈಗ ಅಮೆರಿಕದ ಫೋರ್ಟ್ ಮಿಲ್‌ನಲ್ಲಿದ್ದಾನೆ. ನಾವಿರುವುದು ಮೂರು ಗಂಟೆಯ ದಾರಿಯಾಚೆ, ಏಪೆಕ್ಸ್‌ನಲ್ಲಿ. ಲಾಕ್‌ಡೌನ್ ಮುಗಿಯುತ್ತ ಬಂದ ಕಾಲ. ಮನೆಯಲ್ಲೇ ಕೂತು ತಲೆಕೆಟ್ಟ ನಮ್ಮವರಲ್ಲಿ ಕೆಲವರು ನಾಯಿ ತಂದರು, ಕೆಲವರು ತೊಗರಿಬೇಳೆಯನ್ನು ಮೂಟೆಗಟ್ಟಲೆ ತಂದರು. ಬಸವರಾಜ ನನ್ನನ್ನು ಎಳೆದುಕೊಂಡು ಹೋಗಿ, ಕೈಗೆ ಪೆನ್ನು ಕೊಟ್ಟು, ಒಂದು ಹಳೆಯ ಟ್ರಕ್ಕಿಗೆ ಸಹಿ ಹಾಕಿಸಿದ. ಕನ್ನಡ ಸಂಘದವರಿಗಂತೂ ಹಬ್ಬವಾಯಿತು. ಯುಗಾದಿಗೆ ಸಾರಿನ ಪಾತ್ರೆ, ಗಣೇಶನಿಗೆ ಮಂಟಪ, ಯಾರೋ ಮನೆ ಬದಲಿಸಿದರೆ ಸೋಫಾ, ಎಲ್ಲದಕ್ಕೂ ನನ್ನ ಟ್ರಕ್ಕೇ ಬೇಕು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವನು ಎಂಬುದನ್ನೇ ಅರ್ಧ ಊರು ಮರೆತಿತ್ತು.

ಬಸವರಾಜ ತನ್ನ ಟ್ರಕ್ಕಿಗೆ ಲಿಫ್ಟ್ ಕಿಟ್ ಹಾಕಿಸಿದ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಕ್ರಕ್ಕೂ ಮೇಲಿನ ಮೈಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿ ಗಾಡಿಯನ್ನು ಎರಡೋ ನಾಲ್ಕೋ ಆರೋ ಇಂಚು ಎತ್ತರಿಸುವ ಸಾಮಾನಿಗೆ ಲಿಫ್ಟ್ ಕಿಟ್ ಎನ್ನುತ್ತಾರೆ. ಪ್ರಯೋಜನವೇನು? ಕಾಡುಮೇಡು ಅಲೆಯುವವರಿಗೆ ಇದೆಯಂತೆ. ನಾನು ಅಲೆಯುವ ಕಾಡೆಂದರೆ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅದೇ. ಆದರೂ ಅವನ ಟ್ರಕ್ಕು ನಮ್ಮ ಮನೆಯ ಮುಂದೆ ಬಂದು ನಿಂತಾಗ ನನ್ನದು ಮಂಡಿಯೂರಿ ಕೂತ ಹಾಗೆ ಕಾಣುತ್ತಿತ್ತು. "ಎರಡ ಇಂಚ ಅಂದ್ರ ಚಪ್ಪಲಿ ಹಾಕ್ಕೊಂಡಂಗ. ನಾಕ ಹಾಕಸ್ಲೇ, ಗಂಡಸ ಕಾಣ್ತೀ!" ಎಂದ ಬಸವರಾಜ. ಐವತ್ತರ ಹತ್ತಿರ ಬಂದ ಐದಡಿ ನಾಲ್ಕಿಂಚಿನವನಿಗೆ ಇಂಥ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗುತ್ತದೆ.

ನಾನು ಒಂದು ಸ್ಪ್ರೆಡ್‌ಶೀಟ್ ತೆರೆದೆ. ನಮ್ಮ ಮನೆಯ ದಿನಸಿ ಪಟ್ಟಿ, ಸಂಘದ ಊಟಕ್ಕೆ ಯಾರು ಏನು ತರಬೇಕೆಂಬ ಪಾಟ್‌ಲಕ್ ಪಟ್ಟಿ ಎಲ್ಲ ಇರುವ, ವಸುಧಾಳೂ ತೆರೆದು ಬರೆಯುವ ಫೈಲಿನಲ್ಲೇ ಇದಕ್ಕೂ ಒಂದು ಹಾಳೆ. ಕಿಟ್ಟುಗಳ ಹೆಸರು ಕೆಳಕ್ಕೆ, ಗುಣಾವಗುಣಗಳು ಅಡ್ಡಕ್ಕೆ. ಎತ್ತರ, ವಾರಂಟಿ, ಟೈರಿನ ಅಳತೆ, ಪೆಟ್ರೋಲು ಎಷ್ಟು ಹೆಚ್ಚು ಕುಡಿಯುತ್ತದೆ, ಗರಾಜಿನ ಬಾಗಿಲಿಗೆ ತಲೆ ತಾಗುತ್ತದೆಯೋ ಇಲ್ಲವೋ, ಹೀಗೆ ಬೆಳೆಯುತ್ತ ಬೆಳೆಯುತ್ತ ಇಪ್ಪತ್ಮೂರು ಕಾಲಂ ಆಯಿತು. ಹೈಸ್ಕೂಲಿನಲ್ಲಿರುವ ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಅಪ್ಪಾ, ಜಸ್ಟ್ ಪಿಕ್ ಒನ್!" ಎಂದಳು. ಹಾಗೆಲ್ಲ ಆರಿಸಿಕೊಳ್ಳುವವನಾಗಿದ್ದರೆ ನೀನು ಇನ್ನೂ ನಾಲ್ಕು ತಿಂಗಳು ದೊಡ್ಡವಳಾಗಿರುತ್ತಿದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮರುವರ್ಷ ವಸುಧಾ ಮೆಟ್ಟಿಲಲ್ಲಿ ಎಡವತೊಡಗಿದಳು. ಮೊದಲು ಚಪ್ಪಲಿಯನ್ನು ಬೈದೆವು, ಆಮೇಲೆ ಕಾರ್ಪೆಟ್ಟನ್ನು, ಆಮೇಲೆ ವಿಟಮಿನ್ ಡಿ ಕೊರತೆಯನ್ನು. ಕೊನೆಗೆ ದೊಡ್ಡ ಡಾಕ್ಟರು ಒಂದು ಉದ್ದ ಹೆಸರು ಹೇಳಿದರು. ಕಾಲಿನ ಸ್ನಾಯುಗಳು ನಿಧಾನವಾಗಿ ಸೋಲುತ್ತ ಹೋಗುವ ಕಾಯಿಲೆ. ಔಷಧಿ ಇಲ್ಲ, ವ್ಯಾಯಾಮವಿದೆ. ಹೋದ ಶಕ್ತಿ ಮರಳುವುದಿಲ್ಲ, ಇರುವುದನ್ನು ಆದಷ್ಟು ದಿನ ಕಾಪಾಡಿಕೊಳ್ಳಬೇಕು. ಮನೆಗೆ ಬಂದವನು ಕಾಫಿ ಕೂಡ ಕುಡಿಯದೆ ಲ್ಯಾಪ್‌ಟಾಪ್ ತೆರೆದು, ಶಾಕ್ ಅಬ್ಸಾರ್ಬರಿನೊಳಗೆ ಗ್ಯಾಸ್ ತುಂಬುತ್ತಾರೋ ಎಣ್ಣೆ ತುಂಬುತ್ತಾರೋ ಎಂದು ಓದತೊಡಗಿದೆ. ನನಗೆ ಭಯವಾಗಿತ್ತು. ಅಡುಗೆಮನೆಯಲ್ಲಿ ಅವಳು ಗೋಡೆ ಹಿಡಿದುಕೊಂಡು ನಡೆಯುವ ಸದ್ದು ಕೇಳುತ್ತಿತ್ತು, ನಾನು ಓದುತ್ತಲೇ ಇದ್ದೆ. ಅವಳು ಬಂದು "ರೀ, ಸ್ವಲ್ಪ ಮಾತಾಡ್ಬೇಕಿತ್ತು" ಎಂದಾಗ, "ಈ ಕಿಟ್‌ಗೆ ಲೈಫ್‌ಟೈಮ್ ವಾರಂಟಿ ಇದೆಯಂತೆ ಕಣೇ" ಎಂದುಬಿಟ್ಟೆ. ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಟ್ರಕ್ಕಿನ ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಪಟ್ಟಿ ನೆಲದಿಂದ ಹದಿನೆಂಟು ಇಂಚು. ವಸುಧಾಳಿಗೆ ತನ್ನದೇ ತಗ್ಗಿನ ಕಾರಿದ್ದರೂ ಎಲ್ಲಿಗೆ ಹೋಗುವುದಿದ್ದರೂ ನಾನು ಟ್ರಕ್ಕನ್ನೇ ಹೊರಡಿಸುತ್ತಿದ್ದೆ. ಒಂದು ದಿನ ಆ ಪಟ್ಟಿ ಅವಳಿಗೆ ಎಟುಕಲಿಲ್ಲ. ನಾನು ಒಳಗೆ ಓಡಿ, ಕೈಗೆ ಸಿಕ್ಕ ದೇವರ ಮನೆಯ ಮರದ ಮಣೆಯನ್ನು ತಂದು ನೆಲಕ್ಕಿಟ್ಟೆ. "ದೇವರ ಮಣೆ ಮೇಲೆ ಚಪ್ಪಲಿ ಕಾಲು ಇಡೋದಾ? ನಿಮಗೇನಾದ್ರೂ ಬುದ್ಧಿ ಇದ್ಯಾ?" ಎಂದಳು. ಅಂದಿನಿಂದ ಅದೇ ಒಂದು ವಿಧಿಯಾಯಿತು. ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ನಾನು ಮಣೆ ಹಾಕುವುದು, ಅವಳು ಚಪ್ಪಲಿ ಕಳಚಿ ಬರಿಗಾಲಲ್ಲಿ ಮಣೆ ಏರುವುದು, ಅಲ್ಲಿಂದ ಟ್ರಕ್ ಏರುವುದು, ನಾನು ಮಣೆಯನ್ನು ಕಣ್ಣಿಗೊತ್ತಿಕೊಂಡು ಹಿಂದಿನ ಸೀಟಿಗಿಟ್ಟು ಚಪ್ಪಲಿಯನ್ನು ಅವಳ ಕೈಗೆ ಕೊಡುವುದು. ಒಬ್ಬ ಬಿಳಿಯ ಅಜ್ಜಿ ಇದನ್ನು ನಮ್ಮ ಧರ್ಮದ ವಾಹನಪೂಜೆ ಎಂದೇ ತಿಳಿದು, ಟ್ರಕ್ಕಿಗೆ ಕೈ ಮುಗಿದು ಹೋದಳು. ಅವತ್ತು ಇಬ್ಬರೂ ಮನೆ ಮುಟ್ಟುವವರೆಗೂ ನಕ್ಕೆವು. ಚಳಿಗಾಲದ ಹೊತ್ತಿಗೆ ಮಣೆ ಹಾಕಿದರೂ ಸಾಲದೆ ನಾನು ಹಿಂದಿನಿಂದ ತೋಳು ಕೊಟ್ಟು ಎತ್ತಬೇಕಾಯಿತು. ಚಳಿಗೆ ಕಾಲು ಮರಗಟ್ಟಿದೆ ಎಂದು ಇಬ್ಬರೂ ಹೇಳಿಕೊಂಡೆವು.

ಜನವರಿಯಲ್ಲಿ ನಾನು ಜೀವಮಾನದ ದೊಡ್ಡ ತೀರ್ಮಾನ ಮಾಡಿ, ನಾಲ್ಕಿಂಚಿನ ಕಿಟ್ ಒಂದರ ವಿವರ ಪ್ರಿಂಟ್ ಮಾಡಿಕೊಂಡು ವರ್ಕ್‌ಶಾಪಿಗೆ ಹೋದೆ. ಡೇಲ್ ಎಂಬ ನರೆತ ಗಡ್ಡದ ಮುದುಕ ಟ್ರಕ್ಕನ್ನು ಒಂದು ಸುತ್ತು ಹಾಕಿ ನೋಡಿದ. ನನ್ನ ಪ್ರಿಂಟ್‌ಔಟ್ ಮುಂದೆ ಚಾಚಿದೆ. ಅವನು ಅದನ್ನು ಮುಟ್ಟಲೂ ಇಲ್ಲ. ಪಕ್ಕದ ಸೀಟಿನ ಬಾಗಿಲು ತೆರೆದು, ಹಿಂದಿನ ಸೀಟಿನ ಮೇಲಿದ್ದ ಮಣೆಯನ್ನು ನೋಡಿ, ಇದೇನು ಎಂದ. ಹೆಂಡತಿ ಹತ್ತುವುದಕ್ಕೆ ಎಂದೆ. "ಹಾಗಾದರೆ ನಾಲ್ಕಿಂಚು ಏರಿಸಿದ ಮೇಲೆ ಅವರು ಹೇಗೆ ಹತ್ತುತ್ತಾರೆ?" ಎಂದು ಅವನು ತನ್ನ ರಾಗ ಎಳೆಯುವ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. ನನ್ನ ಇಪ್ಪತ್ಮೂರು ಕಾಲಮ್ಮುಗಳಲ್ಲಿ ಗರಾಜಿನ ಬಾಗಿಲಿಗೆ ಒಂದಿತ್ತು, ಪಕ್ಕದಲ್ಲಿ ಕೂರುವವಳಿಗೆ ಒಂದೂ ಇರಲಿಲ್ಲ. ಪರರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸಂಬಳ ತಿನ್ನುವವನು ನಾನು. ಯೋಚಿಸಿ ಹೇಳುತ್ತೇನೆ ಎಂದು ಅವನಿಗೆ ಹೇಳಿ ಹಿಂತಿರುಗಿದೆ.

ಮನೆಗೆ ಬಂದು ಹಾಳೆ ತೆರೆದು, ಇಪ್ಪತ್ನಾಲ್ಕನೆಯ ಕಾಲಂ ಸೇರಿಸೋಣವೆಂದು ತಿಂಗಳುಗಟ್ಟಲೆ ಇಣುಕದಿದ್ದ ಬಲಗಡೆಯ ಕೊನೆಗೆ ಹೋದೆ. ಅದು ಆಗಲೇ ಅಲ್ಲಿತ್ತು. ತಲೆಬರಹ: 'ವಸು ಕಾಲು'. ಕೆಳಗೆ, ಮಾರ್ಚ್ ತಿಂಗಳಲ್ಲಿ ಹದಿನೇಳು ಇಂಚು. ಜೂನ್‌ನಲ್ಲಿ ಹದಿನಾರು. ಸೆಪ್ಟೆಂಬರಿನಲ್ಲಿ ಹದಿನೈದು. ಡಿಸೆಂಬರಿನಲ್ಲಿ ಹದಿನಾಲ್ಕು.

ಅವಳು ಸೋಫಾದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಫ್ರೀಜರಿನದಲ್ಲ, ಯಾರೋ ಹಿತ್ತಿಲಲ್ಲಿ ಬೆಳೆದು ಒಣಗಿಸಿ ಕೊಟ್ಟದ್ದು. "ಇದು ಏನೇ?" ಎಂದು ಲ್ಯಾಪ್‌ಟಾಪ್ ತಿರುಗಿಸಿದೆ.

"ಟೈಲರಿಂಗ್ ಟೇಪ್ ಇಟ್ಕೊಂಡು ಮೆಟ್ಟಿಲ ಹತ್ರ ಮೆಷರ್ ಮಾಡ್ಕೋತಿದ್ದೆ. ಕಾಲು ಎಷ್ಟು ಮೇಲಕ್ಕೆ ಬರತ್ತೆ ಅಂತ."

"ನನಗೆ ಒಂದು ಮಾತು ಹೇಳಬಾರದಾ?"

"ಹೇಳೋಕೆ ಬಂದ್ರೆ ನೀವು ಮಾತು ಬದಲಾಯಿಸ್ತೀರ. ಶೀಟ್ ಆದ್ರೆ ಓದ್ತೀರಲ್ಲ ಅಂತ ಅದ್ರಲ್ಲೇ ಬರ್ದೆ. ಹತ್ತು ತಿಂಗಳಾಯ್ತು." ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿ ಅವಳೇ ಮುಂದುವರಿಸಿದಳು. "ನಾಲ್ಕಿಂಚಿಂದೇ ಹಾಕ್ಸಿಬಿಡಿ. ಮಣೆ ಇಟ್ರೂ ಹತ್ತಕ್ಕಾಗ್ತಿಲ್ಲ, ಹೇಗಿದ್ರೂ ನೀವೇ ಎತ್ಬೇಕು. ನಿಮ್ಮ ಆಸೆಯಾದ್ರೂ ಆಗ್ಲಿ."

ನಾನು ಅತ್ತೆ. ಮದುವೆಯಾದ ಮೇಲೆ ಅವಳ ಮುಂದೆ ಅತ್ತದ್ದು ಅದೇ ಮೊದಲು. ಹತ್ತು ತಿಂಗಳು ಅವಳು ಒಬ್ಬಳೇ ಮೆಟ್ಟಿಲ ಬಳಿ ನಿಂತು ತನ್ನ ಕಾಲು ಸೋಲುವುದನ್ನು ಅಳೆದುಕೊಂಡಿದ್ದಳು, ನಾನು ಹಿಂದಿನ ಕೋಣೆಯಲ್ಲಿ ಸ್ಪ್ರಿಂಗಿನ ದಪ್ಪ ಅಳೆಯುತ್ತಿದ್ದೆ. "ಸಾಕು ಸುಮ್ನಿರಿ, ಕೀಬೋರ್ಡ್ ಒದ್ದೆಯಾಗತ್ತೆ" ಎಂದು ಸೆರಗಿಲ್ಲದ ಅವಳು ತನ್ನ ಸ್ವೆಟರಿನ ತೋಳಿನಿಂದಲೇ ನನ್ನ ಮುಖ ಒರೆಸಿದಳು.

ಕಿಟ್ ಹಾಕಿಸಲಿಲ್ಲ. ಟ್ರಕ್ಕು ಹುಟ್ಟಿದ ಎತ್ತರದಲ್ಲೇ ಮನೆಯ ಮುಂದೆ ನಿಂತಿದೆ. ವಸುಧಾ ತನ್ನ ತಗ್ಗಿನ ಕಾರಿನಲ್ಲಿ ಓಡಾಡುತ್ತಾಳೆ, ಓಡಿಸುವವನು ನಾನು. ಬಸವರಾಜ ಬಂದಾಗ ತನ್ನ ಟ್ರಕ್ಕನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ ನಡೆದುಕೊಂಡು ಬರುತ್ತಾನೆ. ಈಗ ಅಳತೆಯ ಕೆಲಸ ನನ್ನದು. ಪ್ರತಿ ತಿಂಗಳ ಮೊದಲ ಭಾನುವಾರ ಅವಳು ಕಂಬಿ ಹಿಡಿದು ಮೆಟ್ಟಿಲ ಬಳಿ ನಿಂತು ಕಾಲೆತ್ತುತ್ತಾಳೆ, ನಾನು ಮಂಡಿಯೂರಿ ಟೇಪು ಹಿಡಿಯುತ್ತೇನೆ. ಕಳೆದ ಸಲ ಹನ್ನೆರಡೂವರೆ ಬಂದಿತ್ತು. ಕೆಲಸದಲ್ಲಿ ಒಂದು ಅಂಕಿಯನ್ನೂ ತಿದ್ದದವನು, ಹದಿಮೂರು ಎಂದು ಹೇಳಿ ಹಾಗೆಯೇ ಬರೆದೆ. ಟೇಪು ಅವಳಿಗೂ ಕಾಣುತ್ತಿತ್ತು, ಕಾಲಿಳಿಸಿ ಅದನ್ನು ಸುತ್ತಿಟ್ಟಳು. ಮೂರು ವರ್ಷ ಮೀನಮೇಷ ಎಣಿಸಿ ನಾನು ಕೊನೆಗೂ ಎತ್ತರಿಸಿದ್ದು ಆ ಅರ್ಧ ಇಂಚನ್ನು ಮಾತ್ರ.