ಈರಣ್ಣನ ಫೋಟೋಗೆ ಹಾರ

ಆ ಭಾನುವಾರ ಬೊರಿವಲಿಯ ಈರಣ್ಣನ ಮನೆಯಲ್ಲಿ ಚಹಾ ಕುದಿಯುವ ಮೊದಲೇ ಜಗಳ ಕುದಿಯಿತು. ಕಾರಣ, ಒಂದು ಚೆಂಡುಹೂವಿನ ಹಾರ.

“ಜೀವಂತ ಇರೋ ಮನಷ್ಯಾನ ಫೋಟೋಕ್ಕ ಹಾರ ಹಾಕ್ತೀ? ಹೆತ್ತಪ್ಪನ್ನ ಇವತ್ತs ಗ್ವಾಡಿಗೆ ಏರಸಬೇಕಂತ ಮಾಡೀಯೇನ?” ಎಂದು ಈರಣ್ಣ ಕೂಗಿದ ಕೂಗಿಗೆ ಕೆಳಗಿನ ಮಹಡಿಯ ನಾಯಿ ಬೊಗಳತೊಡಗಿತು.

ಮಗಳು ಸ್ನೇಹಲ್ ಹೆದರಲಿಲ್ಲ. ಅಪ್ಪನ ಕೂಗು ಅವಳಿಗೆ ಫ್ಯಾನಿನ ಸದ್ದಿದ್ದಂತೆ. ಕಾಂದಿವಲಿಯ ಒಂದು ಕಾಲೇಜಿನಲ್ಲಿ ಅವಳು ಸಿನಿಮಾ-ಟಿವಿ ಕಲಿಯುತ್ತಿದ್ದಳು. ಥ್ರಿಲ್ಲರ್ ಸಿನಿಮಾ ಒಂದರ ಆರಂಭದ ಎರಡು ನಿಮಿಷವನ್ನಷ್ಟೇ ಚಿತ್ರಿಸಿ ಆ ರಾತ್ರಿ ಎಂಟರೊಳಗೆ ಕಳಿಸಬೇಕಿತ್ತು. ಕಳಿಸದಿದ್ದರೆ ಆ ಪೇಪರಿನಲ್ಲಿ ಫೇಲು. ಒಂದು ತಿಂಗಳಿಂದ ಕಾಗದದ ಮೇಲೆ ಚೌಕ ಚೌಕ ಗೆರೆ ಎಳೆದು ಚಿತ್ರ ಬರೆದು ಯೋಜನೆ ಹಾಕಿದ್ದಳು. ಮೊದಲು ಕಾರು ಕಾರನ್ನು ಅಟ್ಟಿಸಿಕೊಂಡು ಹೋಗುವುದೆಂದಿತ್ತು. ಗೆಳತಿಯರಲ್ಲಿ ಯಾರ ಮನೆಯಲ್ಲೂ ಕಾರಿರಲಿಲ್ಲ. ಆಮೇಲೆ ಟೆರೇಸಿನ ಮೇಲೊಂದು ಕೊಲೆ ಎಂದಾಯಿತು. ಟೆರೇಸಿನಲ್ಲಿ ಕೊಲೆ ಮಾಡಬೇಕಾದರೆ ಜನರಲ್ ಬಾಡಿ ಮೀಟಿಂಗಿನಲ್ಲಿ ಒಪ್ಪಿಗೆ ಪಡೆಯಬೇಕೆಂದು ಸೊಸೈಟಿಯವರು ಬೀಗ ಜಡಿದರು. ಕೊನೆಗೆ ಉಳಿದದ್ದು ಇದು: ಸತ್ತವನ ಫೋಟೋ, ಅದಕ್ಕೆ ಹಾರ, ಎದುರಿಗೆ ಅಳುವ ಮಗಳು. ಬೆಲ್ ಆಗುತ್ತದೆ. ಬಾಗಿಲಲ್ಲಿ ಸತ್ತವನೇ ನಿಂತಿದ್ದಾನೆ!

“ಪಪ್ಪಾ, ಪ್ಲೀಸ್ ಯಾರ್. ಸಂಜೀಕ ಹೆಂಗೂ ಹಾರ ಹಾಕ್ತಾರಲ್ಲ. ಹಾರದಾಗ ನೀ ಕೈಸಾ ಕಾಣ್ತೀ ನೋಡೂಣು,” ಎಂದಳು.

ಇಲ್ಲಿ ಈರಣ್ಣ ಸಿಕ್ಕಿಬಿದ್ದ. ಆ ಸಂಜೆ ಮಾಟುಂಗದ ಕನ್ನಡ ಸಂಘದಲ್ಲಿ ಅವನಿಗೆ ಸನ್ಮಾನವಿತ್ತು. ಧಾರವಾಡದ ಕಡೆಯಿಂದ ಬಂದು ಕಾರ್ಖಾನೆಯೊಂದರ ಸ್ಟೋರಿನಲ್ಲಿ ದುಡಿಯುತ್ತಿದ್ದ ಈರಣ್ಣ ಮದುವೆಗೆ ಮುಂಚಿನಿಂದಲೂ ಸಂಘದ ಕುರ್ಚಿ ಹಾಕಿದವನು, ಮೈಕು ಕಟ್ಟಿದವನು. ಎಷ್ಟೋ ಜನರಿಗೆ ಅಲ್ಲಿ ಶಾಲು ಹೊದಿಸಿದ್ದರು. ಆ ಫೋಟೋಗಳಲ್ಲೆಲ್ಲ ಈರಣ್ಣನೂ ಇದ್ದ. ಎಲ್ಲಿ ಎಂದರೆ, ಅಂಚಿನಲ್ಲಿ ಮೈಕು ಹಿಡಿದ ಒಂದು ಕೈ, ಅಷ್ಟೇ. ಆ ಕೈಯ ಹಿಂದೊಂದು ಮುಖವಿದೆ ಎಂದು ಸಂಘಕ್ಕೆ ಈ ವರ್ಷ ನೆನಪಾಗಿತ್ತು. ಫ್ಲೆಕ್ಸಿಗೆಂದು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದ್ದ. ಮನೆಗೂ ಒಂದು ಪ್ರತಿಗೆ ಕಟ್ಟು ಹಾಕಿಸಿದ್ದ.

“ನನ್ನ ಮಾರಿ ಛಲೋತ್ನಾಗಿ ಬರಬೇಕ ನೋಡ,” ಎಂದು ಶರತ್ತು ಹಾಕಿದ.

“ಪಕ್ಕಾ. ಲಾಸ್ಟಿಗೆ ನಿಂದs ಕ್ಲೋಸಪ್,” ಎಂದಳು ಮಗಳು.

ಹೆಂಡತಿ ಕಾಶವ್ವ ಮನೆಯಲ್ಲಿದ್ದಿದ್ದರೆ ಈ ಹಾರ ಫೋಟೋದ ಸಮೀಪಕ್ಕೂ ಬರುತ್ತಿರಲಿಲ್ಲ. ಆದರೆ ಅವಳು ಸಮಾರಂಭದ ಹೋಳಿಗೆ ಲಟ್ಟಿಸಲು ಬೆಳಗ್ಗೆಯೇ ಮಾಟುಂಗಕ್ಕೆ ಹೋಗಿಬಿಟ್ಟಿದ್ದಳು.

ಸ್ನೇಹಲ್‌ಳ ಫೋನಿನಲ್ಲಿ ಜಾಗವಿರಲಿಲ್ಲ. ಅಪ್ಪನ ಫೋನನ್ನು ಕಸಿದುಕೊಂಡು, ನಡುವೆ ಯಾರ ಕರೆಯೂ ಬರದಂತೆ ಏರೋಪ್ಲೇನ್ ಮೋಡಿಗೆ ಹಾಕಿದಳು. ಗೆಳತಿ ಮಾಧುರಿ ಕಣ್ಣಿಗೆ ಉಳ್ಳಾಗಡ್ಡಿ ಹಿಂಡಿಕೊಂಡು, ಬಿಳಿ ಚೂಡಿದಾರ ತೊಟ್ಟು ಫೋಟೋದ ಮುಂದೆ ಕೂತಳು. ದೀಪ, ಊದುಬತ್ತಿ ಹಚ್ಚಿದರು. ಬೆಳಕಿಗಾಗಿ ಬಾಗಿಲು ತೆರೆದಿಟ್ಟರು. ಸತ್ತ ಈರಣ್ಣ ಮಗಳು ಕರೆಯುವವರೆಗೆ ಮೇಲಿನ ಮೆಟ್ಟಿಲ ತಿರುವಿನಲ್ಲಿ ಕಾಯುತ್ತ ಕೂತ.

ಮಾಧುರಿಯ ಅಳು ಚೆನ್ನಾಗಿಯೇ ಬಂತು. ಅದೇ ಹೊತ್ತಿಗೆ ಎದುರು ಮನೆಯ ಕಸ್ತೂರಿಬಾಯಿ ರೇಶ್ಮೆ ಸೀರೆ ಉಟ್ಟು, ಭಾನುವಾರದ ಲೋಕಲ್ಲಿಗೆ ಹೆದರಿ ಬೆಳಗ್ಗೆಯೇ ಅದೇ ಸಮಾರಂಭಕ್ಕೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಅಳು ಕೇಳಿ ತಿರುಗಿದಳು. ಹಾರ ಕಂಡಿತು, ದೀಪ ಕಂಡಿತು, ಈರಣ್ಣನ ನಗುಮುಖ ಕಂಡಿತು.

“ಅಯ್ಯ ಶಿವನ! ಯಾವಾಗ ಆತವಾ?”

ಇಷ್ಟು ಒಳ್ಳೆಯ ಅಳು ಮತ್ತೆ ಸಿಕ್ಕೀತೇ? ಸ್ನೇಹಲ್ ಫೋನಿನಿಂದ ಕಣ್ಣು ತೆಗೆಯದೆ, ಸದ್ದು ಮಾಡಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟಳು.

ಕಸ್ತೂರಿಬಾಯಿಗೆ ಎಲ್ಲ ಅರ್ಥವಾಯಿತು. ಅಂದರೆ, ಕಾಶವ್ವನಿಗೆ ಇನ್ನೂ ತಿಳಿಸಿಲ್ಲ! ಬೇರೆ ಯಾರಾದರೂ ಆಗಿದ್ದರೆ ಒಳಗೆ ಓಡಿ ಹುಡುಗಿಯರನ್ನು ಅಪ್ಪಿಕೊಳ್ಳುತ್ತಿದ್ದರು. ನಿಜ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಸತ್ತವರ ಮನೆಯ ಹೊಸ್ತಿಲು ದಾಟಿದರೆ ತಲೆಮೇಲೆ ನೀರು ಹಾಕಿಕೊಳ್ಳಬೇಕು. ಬಿಲ್ಡಿಂಗಿನಲ್ಲಿ ನಳದ ನೀರು ಆಗಲೇ ನಿಂತುಹೋಗಿತ್ತು, ಮತ್ತೆ ಬರುವುದು ಸಂಜೆಗೆ. ಮೈಮೇಲೆ ಇಳಕಲ್ ರೇಶ್ಮೆ. ಕಸ್ತೂರಿಬಾಯಿ ಹೊಸ್ತಿಲಾಚೆಯಿಂದಲೇ ಕೈಮುಗಿದು, ಕಣ್ಣೊರೆಸಿಕೊಂಡು, ಲಿಫ್ಟು ಹತ್ತಿದಳು. ಕೆಳಗಿಳಿಯುವುದರೊಳಗೆ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಹೋಯಿತು: “ನಮ್ಮ ಈರಣ್ಣಾವ್ರು ಇನ್ನಿಲ್ಲ. ಕಾಶವ್ವಗ ಗೊತ್ತಿಲ್ಲ. ಯಾರೂ ಹೇಳಬ್ಯಾಡ್ರಿ.” ಕೆಳಗೆ ಮುಗಿದ ಕೈಗಳು.

ನೂರಾರು ಕೈಗಳು ಮುಗಿದುಕೊಂಡವು. ಕೆಲವರು ಈರಣ್ಣನ ನಂಬರಿಗೆ ಹಚ್ಚಿದರು. ಫೋನು ಬಂದಾಗಿತ್ತು. ಅವರ ಪಾಲಿಗೆ ಅದೇ ದೊಡ್ಡ ಸಾಕ್ಷಿಯಾಯಿತು.

ಇತ್ತ ಸತ್ತವನು ಮೆಟ್ಟಿಲ ಮೇಲೆ ಕೂತು ಸಿಟ್ಟಿನಿಂದ ಉರಿಯುತ್ತಿದ್ದ. ಅಳುವ ಶಾಟು ಮುಗಿದು ಬಾಗಿಲು ಮುಚ್ಚಿದ ಮೇಲೆ, ಮೊದಲ ಸಲ ಬೆಲ್ ಒತ್ತಿದಾಗ ಹಿಂದಿನಿಂದ ಕೊರಿಯರಿನವನು ಬಂದು “ಸೈನ್ ಕರೋ” ಎಂದ. ಎರಡನೆಯ ಸಲ ಗ್ಯಾಸ್ ಸಿಲಿಂಡರು ದಡಬಡ ಇಳಿಯಿತು. ಮೂರನೆಯ ಸಲ ಎಲ್ಲ ಸರಿಹೋಯಿತು, ಬಾಗಿಲು ತೆರೆಯಿತು, ಈರಣ್ಣ ಕಣ್ಣು ಕೆಂಪಗೆ ಮಾಡಿ, “ಎಷ್ಟೊತ್ತು ಕಾಯಬೇಕು ಮನಷ್ಯಾ?” ಎಂದು ಗುಡುಗಿದ.

“ಕಟ್! ಪಪ್ಪಾ, ಸತ್ತವರಿಗೆ ಗುಸ್ಸಾ ಬರೂದಿಲ್ಲ!”

“ನೀ ಸತ್ತು ನೋಡೀಯೇನ? ನಾ ಸತ್ತರೂ ನನ್ನ ಸಿಟ್ಟು ಸಾಯೂದಿಲ್ಲ!”

ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ಪ್ರತಿ ಶಾಟಿನಲ್ಲೂ ಈರಣ್ಣ ಭೂತದಂತೆ ಕಾಣದೆ, ಬಾಡಿಗೆ ಕೇಳಲು ಬಂದ ಮನೆಯೊಡೆಯನಂತೆ ಕಂಡ. ಸ್ನೇಹಲ್ ಈಗ ಅಪ್ಪನಿಗಿಂತ ಜೋರಾಗಿ ಕೂಗತೊಡಗಿದಳು; ಸಿಟ್ಟು ಆ ಮನೆಯ ಆಸ್ತಿ. “ಒಂದೂ ಶಾಟ್ ಬಂದಿಲ್ಲ! ಹೆದರೋ ಜನಾ ಇಲ್ಲ, ಏನಿಲ್ಲ. ನಾ ಫೇಲ್ ಆಗ್ತೀನಿ, ನಿನ್ನಿಂದ!”

“ಸನ್ಮಾನ ಮುಗಿಸಿ ಬಂದು ಮತ್ತ ಸಾಯ್ತೀನಿ, ನಡಿ,” ಎಂದು ಈರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. “ಅಲ್ಲಿ ನಾ ಸ್ಟೇಜ್ ಹತ್ತಿದ್ದು, ಇಳದದ್ದು, ಒಂದೂ ಬಿಡದಂಗ ತೆಗೀಬೇಕು. ಫೋನ್ ಹಂಗs ಬಂದ್ ಇರಲಿ, ಬ್ಯಾಟರಿ ಉಳೀತೈತಿ.”

ಮಾಧುರಿ ಉಳ್ಳಾಗಡ್ಡಿಗೆ ಊದಿದ ಕಣ್ಣು ಹೊತ್ತು ತನ್ನ ಮನೆಗೆ ಹೋದಳು. ಅಪ್ಪ ಮಗಳು ಸ್ಟೇಷನ್ನಿಗೆ ಬಂದರೆ ಭಾನುವಾರದ ಮೆಗಾಬ್ಲಾಕ್; ಹಳಿ ರಿಪೇರಿಗೆಂದು ಅರ್ಧ ಗಾಡಿಗಳು ಬಂದ್. ಇರುವ ಲೋಕಲ್ಲುಗಳೂ ಅಳಿಯತನಕ್ಕೆ ಬಂದಂತೆ ನಿಂತು ನಿಂತು ಹೋಗುತ್ತಿದ್ದವು. ಈರಣ್ಣ ರೈಲ್ವೆಯನ್ನು ಬೈದ, ಪಕ್ಕದವನ ಚೀಲವನ್ನು ಬೈದ, ಚೀಲ ಹೊಲಿದವನನ್ನೂ ಬೈದ. ಮಾಟುಂಗ ರೋಡಿನಲ್ಲಿ ಇಳಿದು ಸೇತುವೆ ದಾಟಿ ಸಂಘದ ಸಭಾಭವನ ಮುಟ್ಟುವಷ್ಟರಲ್ಲಿ ಹೇಳಿದ ಹೊತ್ತು ಮೀರಿಹೋಗಿತ್ತು.

ಒಳಗೆ ಏನೇನಾಗಿತ್ತು ಎಂದರೆ, ಕಾರ್ಯದರ್ಶಿ ರಮಾನಾಥರು ಚುರುಕಾದ ಮನುಷ್ಯ. ಮುಖ್ಯ ಅತಿಥಿಗಳಿಗೆ ಊರಿನ ರೈಲು ಹಿಡಿಯುವ ಅವಸರವಿತ್ತು. ತಂದಿಟ್ಟ ಶಾಲು ವ್ಯರ್ಥವಾಗಬಾರದೆಂದು ಎದುರಿಗೆ ಸಿಕ್ಕ ಸಾಯಬಣ್ಣನಿಗೆ ಹೊದಿಸಿ ಅತಿಥಿಗಳನ್ನು ಕಳಿಸಿಕೊಟ್ಟರು. ಈ ಸಾಯಬಣ್ಣ ಪ್ರತಿ ಕಾರ್ಯಕ್ರಮದಲ್ಲೂ “ಮೈಕ್ ಕೇಳವಲ್ದು” ಎಂದು ಹಿಂದಿನ ಸಾಲಿನಿಂದ ಕೂಗುತ್ತಿದ್ದ ಆಸಾಮಿ. ಆಮೇಲೆ ಫ್ಲೆಕ್ಸಿನ ‘ಹಾರ್ದಿಕ ಅಭಿನಂದನೆಗಳು’ ಮೇಲೆ ಬಿಳಿ ಹಾಳೆ ಅಂಟಿಸಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದರು. ಸನ್ಮಾನಕ್ಕೆ ತಂದ ಹಾರವನ್ನು ಫ್ಲೆಕ್ಸಿನ ಈರಣ್ಣನ ಕೊರಳಿಗೇ ಇಳಿಬಿಟ್ಟರು. ಹೊಸ ಖರ್ಚೇನೂ ಬರಲಿಲ್ಲ.

ಅಡಿಗೆಮನೆಯಲ್ಲಿ ಹೆಂಗಸರು ಕಾಶವ್ವನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು, ಫ್ಯಾನಿನ ಕೆಳಗೆ ಕೂರಿಸಿ, ಲಿಂಬು ಶರಬತ್ತು ಕುಡಿಸಿ, ಹೊರಗೆ ಬಿಡದೆ ಕಾವಲು ಕೂತಿದ್ದರು. ಗಂಡನಿಗೆ ಸನ್ಮಾನವೆಂದರೆ ಹೆಂಡತಿಗೆ ಇಷ್ಟು ಮರ್ಯಾದೆಯೇ ಎಂದು ಕಾಶವ್ವ ಹಿಗ್ಗಿಹೋಗಿದ್ದಳು.

ಈರಣ್ಣ ಮುಂಬಾಗಿಲಿಗೆ ಹೋಗಲಿಲ್ಲ. ಇಷ್ಟು ವರ್ಷ ಸ್ಟೇಜಿನ ಹಿಂಬಾಗಿಲಿನಿಂದಲೇ ಒಳಗೆ ಹೋಗಿ ಬಂದು ಮಾಡಿದ ಕಾಲು ಅಂದೂ ಅಲ್ಲಿಗೇ ನಡೆಯಿತು. ಹಿಂದೆ ಫೋನು ಹಿಡಿದ ಸ್ನೇಹಲ್. ಪರದೆಯ ಸಂದಿಯಿಂದ ಇಣುಕಿದರೆ, ಇಡೀ ಸಭೆ ಎದ್ದು ನಿಂತಿದೆ, ಎಲ್ಲರ ಕಣ್ಣು ಮುಚ್ಚಿದೆ.

ಈರಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. ತನ್ನ ಗೌರವಕ್ಕಾಗಿ ಇಷ್ಟು ಜನ ಎದ್ದು ನಿಂತು ಕಾಯುತ್ತಿದ್ದಾರಲ್ಲ! ತಡಮಾಡಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಮೈಕು ಕೂಂಯ್ ಎಂದು ಸೀಟಿ ಹೊಡೆಯತೊಡಗಿತು. ಮೌನದಲ್ಲಿ ನಿಂತವರು ಹಲ್ಲು ಕಚ್ಚಿ ತಾಳಿಕೊಂಡರು. ಅದನ್ನು ನಿಲ್ಲಿಸುವುದು ಹೇಗೆಂದು ಬಲ್ಲವನು ಅವರ ಲೆಕ್ಕದಲ್ಲಿ ತೀರಿಕೊಂಡಿದ್ದ.

ಪರದೆಯ ಕತ್ತಲಿನಿಂದ ಒಂದು ಕೈ ಮೆಲ್ಲಗೆ ಹೊರಗೆ ಬಂತು. ಗುಂಡಿಯನ್ನು ತಿರುವಿತು. ಸೀಟಿ ನಿಂತಿತು.

ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಬಿಟ್ಟರು. ಪಕ್ಕದವರು ಬಿಟ್ಟರು. ಈರಣ್ಣ ಕೈಮುಗಿದುಕೊಂಡು, ತನ್ನದೇ ಹಾರದ ಚಿತ್ರದ ಪಕ್ಕಕ್ಕೆ, ಬಿಳಿ ಅಂಗಿಯಲ್ಲಿ, ನಗುತ್ತ ಬಂದು ನಿಂತ.

ಮೊದಲು ಕಿರುಚಿದವಳು ಕಸ್ತೂರಿಬಾಯಿ. ಆಮೇಲೆ ಯಾರು ಕಿರುಚಿದರು, ಯಾರ ಮೇಲೆ ಯಾರು ಬಿದ್ದರು ಎಂದು ಹೇಳಲಾಗದು. ಈರಣ್ಣನೇ ಹಿಂದಿನ ದಿನ ಲೆಕ್ಕ ಹಿಡಿದು ಹಾಕಿದ್ದ ಕುರ್ಚಿಗಳೆಲ್ಲ ಉರುಳಿದವು. ರಮಾನಾಥರು ಮೈಕಿನ ಕಂಬವನ್ನೇ ತಬ್ಬಿಕೊಂಡು ಕಣ್ಣು ಮುಚ್ಚಿಕೊಂಡರು.

ಗದ್ದಲಕ್ಕೆ ಕಾವಲು ಮುರಿದು ಕಾಶವ್ವ ತನ್ನ ಲಟ್ಟಣಿಗೆಯನ್ನು ಮರಳಿ ಕಿತ್ತುಕೊಂಡು ಓಡಿ ಬಂದಳು. ಆ ಸಭೆಯಲ್ಲಿ ಗಂಡನನ್ನು ನೋಡಿ ಹೆದರದವಳು ಅವಳೊಬ್ಬಳೇ. “ಯಾಕ್ರೀ ಇಷ್ಟ ತಡಾ? ಬಂದ ಕೂಡ್ಲೇ ಏನ ಬೀಳಿಸಿದ್ರಿ?” ಎಂದಳು. ಮರುಕ್ಷಣವೇ ಹಾರ ಕಂಡಿತು, ಬಿಳಿ ಹಾಳೆ ಕಂಡಿತು. “ಯಾವ ಮುಂಡೇಗಂಡ ಹಾಕ್ಯಾನ ಇದನ್ನ?” ಎಂದು ಲಟ್ಟಣಿಗೆ ಎತ್ತಿದಳು.

ಸ್ನೇಹಲ್ ಅಳುಮೋರೆ ಮಾಡಿ, ಹಿಂದಿ ಕನ್ನಡ ಕಲಸಿ, ಬೆಳಗಿನ ಶೂಟಿಂಗಿನ ಕತೆ ಹೇಳಿದಳು. ಈಗ ಇಡೀ ಸಂಘಕ್ಕೆ ಸಿಟ್ಟು ಬಂತು. ಸುದ್ದಿ ಹಬ್ಬಿಸಿದವಳ ಮೇಲಲ್ಲ, ಬದುಕಿದ್ದವನ ಮೇಲೆ.

“ಎಂತದು ಮಾರಾಯ್ರೇ, ಬದುಕಿದ್ದೇನೆ ಅಂತ ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ ನಿಮಗೆ?” ಎಂದರು ರಮಾನಾಥರು.

“ಸೀರಿ ಹೊಲಸಾದೀತಂತ ನಾ ಹೊಸ್ತಿಲದಾಗ ನಿಂತ ಬಂದೆ. ಈಗ ನೋಡ್ರಿ, ಯಾರೋ ಶರಬತ್ತ ಚೆಲ್ಲ್ಯಾರ!” ಎಂದಳು ಕಸ್ತೂರಿಬಾಯಿ.

ಈರಣ್ಣನ ಕಣ್ಣು ಸಾಯಬಣ್ಣನ ಹೆಗಲ ಮೇಲಿತ್ತು. “ಆ ಶಾಲು ನಂದು. ತಗೀರಿ!”

ಸಾಯಬಣ್ಣ ಶಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. “ಒಮ್ಮಿ ಹೊದ್ದದ್ದು ತಗದ್ರ ಛಲೋ ಅಲ್ಲ, ಈರಣ್ಣ. ಮತ್ತ ಈಗ ಮೈಕಿನ್ಯಾಗ ನಿನ್ನ ಬಗ್ಗೆ ಎಂಥಾ ಎಂಥಾ ಮಾತ ಆಡೀನಿ ಗೊತ್ತೈತೇನ? ಬಂಗಾರದಂಥಾ ಮನಷ್ಯಾ ಅಂದೀನಿ. ಅವೆಲ್ಲಾ ಈಗ ವಾಪಸ್!”

“ನಂದು, ನಂದ್ರೀ ಆ ಶಾಲು! ಇಷ್ಟ ವರ್ಷ ಹಾದಿ ನೋಡೀನಿ!” ಈರಣ್ಣನ ದನಿ ಒಡೆಯಿತು. ಆ ಕೂಗಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಆದರೆ ಅವನ ಕೂಗೆಂದರೆ ಸಿಟ್ಟೆಂದೇ ಎಲ್ಲರಿಗೂ ರೂಢಿಯಾಗಿತ್ತು. ಬರುವ ವರ್ಷ ನೋಡೋಣ ಎಂದು ರಮಾನಾಥರು ಸಭೆ ಮುಗಿಸಿದರು.

ಮರಳುವ ಲೋಕಲ್ಲಿನಲ್ಲಿ ಕಾಶವ್ವ ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಸ್ನೇಹಲ್ ಅಪ್ಪನ ಫೋನಿನ ಮೇಲೆ ಬೆರಳಾಡಿಸುತ್ತ, ಬೆಳಗಿನ ಶಾಟಿಗೆ ಸಭೆಯ ಶಾಟು ಜೋಡಿಸುತ್ತಲೇ ಇದ್ದಳು. ಅಂಧೇರಿ ದಾಟುವಾಗ ತಲೆಯೆತ್ತಿ, “ಸಬ್ಮಿಟ್ ಆತು! ಸಂಘದ ಗ್ರೂಪಿಗೂ ಹಾಕ್ದೆ, ಸಾರಿ ಅಂತ,” ಎಂದಳು. ಹತ್ತು ನಿಮಿಷದಲ್ಲಿ ಕಾಲೇಜಿನ ಸರ್ ಉತ್ತರಿಸಿದರು. ಇಡೀ ಕ್ಲಾಸಿಗೇ ಇದು ಫಸ್ಟಂತೆ. ಇಷ್ಟು ಜನ ಇಷ್ಟು ಸಹಜವಾಗಿ ಹೆದರಿದ್ದನ್ನು ಅವರು ನೋಡಿಯೇ ಇರಲಿಲ್ಲವಂತೆ.

ಈರಣ್ಣನ ಮುಖ ಅರಳಿತು. ಶಾಲು ಹೋದರೆ ಹೋಗಲಿ, ಸಿನಿಮಾ ಇದೆಯಲ್ಲ. “ತಾ ಇಲ್ಲೆ,” ಎಂದು ಫೋನು ಕಸಿದುಕೊಂಡು ನೋಡಿದ.

ಮೊದಲು ಹಾರ, ಬರೀ ಹಾರ. ಅದರ ಹಿಂದೆ ಮಸುಕಾಗಿ ಫೋಟೋದ ಕಟ್ಟು. ಅಳು. ಆಮೇಲೆ ಕಣ್ಣು ಮುಚ್ಚಿ ನಿಂತ ಸಾಲು ಸಾಲು ಜನ. ಸೀಟಿ. ಕತ್ತಲೆಯಿಂದ ಒಂದು ಕೈ. ಗುಂಡಿ ತಿರುಗಿತು. ಒಂದೊಂದೇ ಕಣ್ಣು ತೆರೆಯಿತು. ಕಿರುಚಾಟ. ಮುಗಿಯಿತು.

ಮತ್ತೆ ಮೊದಲಿನಿಂದ ನೋಡಿದ. “ನನ್ನ ಮಾರಿ ಎಲ್ಲೈತಿ?”

“ಕಟ್ ಮಾಡ್ದೆ ಪಪ್ಪಾ. ಮಾರಿ ಕಂಡ್ರ ಡರ್ ಹೋಗ್ತದ. ಲೇಕಿನ್ ಕೈ ಎಷ್ಟು ಮಸ್ತ್ ಬಂದೈತಿ ನೋಡು!”

ಈರಣ್ಣ ಬಾಯಿ ತೆರೆದ. ಇಡೀ ದಿನದ ಸಿಟ್ಟು ಗಂಟಲಿಗೆ ಬಂದು ನಿಂತಿತ್ತು. ಬೋಗಿಯವರು ಸರಿದು ಕೂತರು. ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಬಡಿದುಕೊಂಡಿತು.

“ಈರಣ್ಣ, ನಾನು ರಮಾನಾಥ. ಗ್ರೂಪಿನಲ್ಲಿ ಸಿನಿಮಾ ನೋಡಿದೆ ಮಾರಾಯ್ರೇ! ಎಲ್ಲರಿಗೂ ತಮ್ಮ ತಮ್ಮ ಮುಖ ಅದರಲ್ಲಿ ಕಂಡದ್ದಕ್ಕೆ ಭಾರೀ ಖುಷಿ. ಬರುವ ಭಾನುವಾರ ನಿಮ್ಮ ಮಗಳಿಗೆ ಶಾಲು ಹೊದಿಸಿ ಸನ್ಮಾನ ಮಾಡುವ ಅಂತ ತೀರ್ಮಾನ ಆಯ್ತು.” ಆಮೇಲೆ ದನಿ ತಗ್ಗಿಸಿ, “ನೀವು ಸ್ವಲ್ಪ ಬೇಗ ಬರ್ಬೇಕು. ಆ ಮೈಕು ನಿಮ್ಮನ್ನು ಬಿಟ್ಟು ಬೇರೆಯವರ ಮಾತು ಕೇಳುದಿಲ್ಲ,” ಎಂದರು.

ಈರಣ್ಣ ಮಗಳನ್ನು ನೋಡಿದ. ಅವಳು ತನ್ನ ಎರಡು ನಿಮಿಷದ ಸಿನಿಮಾವನ್ನು ಅಮ್ಮನಿಗೆ ವಿವರಿಸುತ್ತ, ಅಪ್ಪನ ಕೈಯಂತೆ ತನ್ನ ಕೈಯನ್ನು ಮೆಲ್ಲಗೆ ಚಾಚಿ ತೋರಿಸುತ್ತಿದ್ದಳು. ಕಾಶವ್ವನಿಗೂ ನಗು ಬಂದಿತ್ತು.

ಅವನು ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡ.

“ಎಷ್ಟಕ್ಕ ಬರಬೇಕ್ರಿ?” ಎಂದು ಸಿಟ್ಟಿನಿಂದಲೇ ಕೇಳಿದ.