ಅತ್ತೆಯ ಹುಲ್ಲಿಗೆ ಎಂಟು ಮಿಲಿಮೀಟರ್ ಕ್ರಾಪು

“ಈ ಸಲ ಹುಲ್ಲಿನ ಟೆನಿಸ್ ಶುರುವಾಗೋದೇ ನಮ್ಮ ಹಿತ್ತಲಿಂದ!” ಎಂದು ಅಂಪೈರು ಘೋಷಿಸಿದಾಗ ಅವನ ಕೈಯಲ್ಲಿ ಬಿಚ್ಚಿದ ಕ್ಷೌರದ ಕತ್ತಿ ಇತ್ತು. ಹಾಗಾಗಿ ಕುರ್ಚಿಯಲ್ಲಿ ಗಂಟಲೊಡ್ಡಿ ಕೂತಿದ್ದ ಭಾವಮೈದುನ ಚಕಾರವೆತ್ತದೆ ಒಪ್ಪಿಕೊಂಡ.

ಅಂಪೈರು ಎಂಬುದು ಅಡ್ಡಹೆಸರು. ಕಸುಬಿನಿಂದ ಅವನು ಕ್ಷೌರಿಕ. ಅವನ ಸಲೂನಿನಲ್ಲಿ ಮಕ್ಕಳಿಗೆಂದು ಮಾಡಿಸಿದ ಎತ್ತರದ ಕುರ್ಚಿಯೊಂದಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದರ ಮೇಲೆ ಹತ್ತಿ ಕೂತು, ಗೋಡೆಯ ಟಿವಿಯಲ್ಲಿ ಟೆನಿಸ್ ನೋಡುತ್ತ, ಅಸಲಿ ಅಂಪೈರು ಬಾಯಿ ತೆರೆಯುವ ಮೊದಲೇ “ಔಟ್!” ಎಂದು ತೀರ್ಪು ಕೊಡುವುದು ಅವನ ನಿತ್ಯದ ವ್ರತ. ಸ್ವತಃ ರ‍್ಯಾಕೆಟ್ ಹಿಡಿದು ಹೊಡೆದ ಅನುಭವವೂ ಉಂಟು. ಅದು ಸೊಳ್ಳೆ ಹೊಡೆಯುವ ರ‍್ಯಾಕೆಟ್ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಹಣೆಯ ಮೇಲೆ ಅಲೆಅಲೆಯಾಗಿ ಏಳುವ ಅವನ ಕ್ರಾಪು ಸಲೂನಿನ ಬೋರ್ಡಿಗಿಂತ ದೊಡ್ಡ ಜಾಹೀರಾತು. ಅದನ್ನು ಎಲ್ಲಿಂದ ಎಲ್ಲಿಗೆ ಎಳೆದು ಕಟ್ಟಲಾಗಿದೆ ಎಂಬ ಗುಟ್ಟು ಅವನಿಗೂ ಅವನ ಕನ್ನಡಿಗೂ ಬಿಟ್ಟರೆ ಮೂರನೆಯವರಿಗೆ ತಿಳಿಯದು. ಕತ್ತರಿ ತಪ್ಪಿ ಗಿರಾಕಿಯ ಮುಖ ಬಾಡಿದರೆ ಅವನ ಬಳಿ ಸಿದ್ಧ ಔಷಧವೊಂದಿತ್ತು: “ಹದಿನೈದು ದಿನ. ಬೆಳೆಯುತ್ತೆ ಬಿಡಿ!”

ಆ ವಾರ ಸಲೂನಿನಲ್ಲಿ ಕೂದಲಿಗಿಂತ ಹೆಚ್ಚು ಮಾತು ಉದುರುತ್ತಿತ್ತು. ಕೆಂಪು ಮಣ್ಣಿನ ಅಂಕಣಗಳ ಋತು ಮುಗಿದಿತ್ತು. ಇನ್ನು ಕೆಲವೇ ವಾರಗಳ ಹುಲ್ಲಿನಂಕಣದ ಯುದ್ಧ. ಮಣ್ಣಿನಲ್ಲಿ ಎಲ್ಲರನ್ನೂ ಮಣ್ಣುಮುಕ್ಕಿಸಿದ ಎಡಗೈ ಆಟಗಾರ ಭಾವಮೈದುನನ ದೇವರು. ಆಕಾಶದಿಂದ ಸರ್ವಿಸ್ ಇಳಿಸುವ ಉದ್ದನೆಯವನು, ಅಂದರೆ ‘ಏಣಿ’, ಅಂಪೈರಿನವನು. ಮಂಡಿನೋವು ಕಳೆದುಕೊಂಡು ಮರಳಿದ್ದ ಮೂರನೆಯ ಆಟಗಾರ ‘ರಬ್ಬರ್’ ಮೇಲೆ ಅಂಚೆಯಣ್ಣನ ಭರವಸೆ. ಮೂವರಲ್ಲಿ ಯಾರು ಗೆದ್ದರೂ ಆಶ್ಚರ್ಯವಿಲ್ಲದಂಥ ವರ್ಷ ಬಂದು ಎಷ್ಟು ಕಾಲವಾಗಿತ್ತು!

“ಮಣ್ಣಲ್ಲಿ ಗೆದ್ದೋನು ಹುಲ್ಲಲ್ಲೂ ಗೆಲ್ತಾನೆ ಅಂತ ಯಾರು ಬರೆದುಕೊಟ್ಟಿದ್ದಾರೆ?” ಅಂಪೈರು ಗುಡುಗಿದ್ದ. “ಹುಲ್ಲಲ್ಲಿ ಚೆಂಡು ಪುಟಿಯಲ್ಲ ಕಣಯ್ಯ, ಜಾರುತ್ತೆ! ನಿನ್ನ ಎಡಗೈ ಬಗ್ಗೋ ಹೊತ್ತಿಗೆ ನಮ್ಮ ಏಣಿ ಮುಖ ಒರೆಸ್ಕೊಂಡು ಮುಂದಿನ ಸರ್ವಿಸಿಗೆ ನಿಂತಿರ್ತಾನೆ!”

“ಭಾವ, ಹುಲ್ಲು ಹುಲ್ಲು ಅಂತೀರಲ್ಲ,” ಭಾವಮೈದುನ ನೊರೆಯೊಳಗಿಂದಲೇ ನಕ್ಕಿದ್ದ, “ಅಮ್ಮನ ಹುಲ್ಲು ತುಳಿದು ಬೈಸ್ಕೊಂಡಿದ್ದು ಬಿಟ್ರೆ, ನೀವು ಜನ್ಮದಲ್ಲಿ ಹುಲ್ಲಿನ ಮೇಲೆ ಕಾಲಿಟ್ಟಿದ್ದೀರಾ?”

ಅದಕ್ಕೆ ಉತ್ತರವೇ ಆ ಘೋಷಣೆ. ಭಾನುವಾರ ಸಂಜೆ ಹುಲ್ಲಿನ ಋತುವಿನ ಮೊದಲ ದೊಡ್ಡ ಪಂದ್ಯ: ಏಣಿಗೂ ಎಡಗೈಗೂ. ಟಿವಿ ಹಿತ್ತಲಿಗೆ ಬರುತ್ತದೆ. ಕುರ್ಚಿ ಇಲ್ಲ; ಹುಲ್ಲಿನ ಸುಖ ಹುಲ್ಲಿನ ಮೇಲೇ. “ಮತ್ತೆ, ಎಲ್ರೂ ಅಡಿಯಿಂದ ಮುಡಿವರೆಗೆ ಬಿಳಿ ಬಟ್ಟೆ! ಬಣ್ಣದ ಕರವಸ್ತ್ರ ತಂದೋರಿಗೂ ಪ್ರವೇಶವಿಲ್ಲ!”

ಇಷ್ಟೆಲ್ಲ ಸರಿ. ಆದರೆ ಆ ಹುಲ್ಲು ಅಂಪೈರಿನದಲ್ಲ, ಅವನ ಅತ್ತೆಯದು. ನಾಲ್ಕು ಮಂಚ ಹಾಕುವಷ್ಟು ಜಾಗದಲ್ಲಿ ಮಾವ ತಾವೇ ಮಂಡಿಯೂರಿ, ಬುಡ ಬುಡವಾಗಿ ನೆಟ್ಟ ಹುಲ್ಲು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಹಸುಗೂಸಿನಂತೆ ಸಾಕಿದ್ದರು. ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ದೊಡ್ಡ ಮಗಳ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ್ದರು: “ಅಳಿಯಂದ್ರೇ, ಎರಡು ವರ್ಷದಿಂದ ಆ ಹುಲ್ಲು ನನಗೆ ಹೊಗೆ ಹೊಗೆಯಾಗಿ ಕಾಣ್ತಿದೆ. ಹೊಸ ಕಣ್ಣಲ್ಲಿ ಮೊದಲು ಅದನ್ನೇ ಕಣ್ತುಂಬ ನೋಡಬೇಕು ಅಂತ ಆಸೆ. ದಿನಾ ನೀರು ಹಾಕಿ. ಬೇರೇನೂ ಮಾಡ್ಬೇಡಿ.”

ಅವರು ಮರಳುವುದು ಸೋಮವಾರ.

“ಸೋಮವಾರ ಅತ್ತೆ ನೋಡಿ ಬೆರಗಾಗ್ಬೇಕು, ಹಾಗೆ ಮಾಡ್ತೀನಿ!” ಎಂದ ಅಂಪೈರು.

“ಬೆರಗಾಗ್ತಾರೆ ಬಿಡಿ, ಅದರಲ್ಲೇನು ಅನುಮಾನ,” ಎಂದಳು ಹೆಂಡತಿ. ಸಲೂನಿನ ಪಕ್ಕದ ಲಾಂಡ್ರಿ ಅವಳದು. ಕಲೆ ಎಲ್ಲಿ ಬೀಳುತ್ತದೆ ಎಂದು ಬೀಳುವ ಮೊದಲೇ ಹೇಳಬಲ್ಲವಳು. “ಅಮ್ಮ ಹೇಳಿದ್ದು ನೀರು. ನೆನಪಿದೆ ತಾನೇ?”

“ನೋಡೇ, ಜಗತ್ತಿನ ಅತಿ ಹೆಸರಾಂತ ಹುಲ್ಲಿನಂಕಣದಲ್ಲಿ ಹುಲ್ಲು ಎಂಟು ಮಿಲಿಮೀಟರ್ ಇರುತ್ತೆ. ಎಂಟೇ ಎಂಟು! ಎಂಟು ಮಿಲಿಮೀಟರ್ ಅಂದ್ರೆ ಎಷ್ಟು ಅಂತ ಕಣ್ಮುಚ್ಚಿ ಬೆರಳಲ್ಲೇ ಹೇಳಬಲ್ಲ ಗಂಡಸು ಈ ಊರಿಗೆಲ್ಲ ಒಬ್ಬನೇ.”

“ಆ ಗಂಡಸಿಗೆ ಹೇಳಿ, ಕಣ್ಣು ತೆರ್ಕೊಂಡೇ ಮಾಡು ಅಂತ,” ಎಂದು ಅವಳು ಲಾಂಡ್ರಿಗೆ ಹೊರಟಳು.

ಶನಿವಾರ ಬೆಳಿಗ್ಗೆ ಅಂಪೈರು ಸಲೂನಿಗೆ ರಜೆ ಹಾಕಿ, ಕೂದಲು ಕತ್ತರಿಸುವ ಮೆಷಿನ್ ಹಿಡಿದು ರಣರಂಗಕ್ಕಿಳಿದ. ಅಡುಗೆಮನೆಯ ಕಿಟಕಿಯಿಂದ ವೈರು ಎಳೆದ. ಮೆಷಿನ್ನಿನ ಬಾಯಿಗೆ ಎಂಟು ಮಿಲಿಮೀಟರಿನ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿದ. ಅದೊಂದಿದ್ದರೆ ಬ್ಲೇಡು ಎಂಟಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹುಲ್ಲಿಗೆ ನೀರು ಚಿಮುಕಿಸಿ, ಬಾಚಿ, ಬೈತಲೆ ತೆಗೆದು, ಚಾಪೆಯ ಮೇಲೆ ಬೋರಲು ಮಲಗಿ, ಅಭ್ಯಾಸಬಲದಿಂದ “ಸ್ವಲ್ಪ ತಲೆ ಬಗ್ಗಿಸಿ” ಎಂದು ಹೇಳಿ ಶುರು ಮಾಡಿದ.

ಮೊದಲ ಗಂಟೆಯಲ್ಲಿ ಒಂದು ದಿಂಬಿನಷ್ಟು ಜಾಗ. ಊಟದ ಹೊತ್ತಿಗೆ ಒಂದು ಮಂಚದಷ್ಟು. ಆಹಾ, ಅದೇನು ಹುಲ್ಲೋ, ಮಖಮಲ್ಲೋ! ಅಂಪೈರಿಗೇ ತನ್ನ ಕೈಗೆ ಕಣ್ಣು ತಗುಲೀತು ಎಂದು ಭಯವಾಯಿತು. ಅಷ್ಟರಲ್ಲಿ ಮೆಷಿನ್ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಬಾಚಣಿಗೆ ಕಳಚಿ ಹೊಸ್ತಿಲ ಮೇಲಿಟ್ಟು, ಸಿಕ್ಕಿಕೊಂಡ ಹುಲ್ಲನ್ನು ಉಫ್ ಎಂದು ಊದುತ್ತಿದ್ದಾಗ ಫೋನು ಬಂತು.

“ಭಾವ, ಸುದ್ದಿ ಕೇಳಿದ್ರಾ? ನಿಮ್ಮ ಏಣಿಗೆ ಭುಜ ನೋವಂತೆ! ನಾಳೆ ಸರ್ವಿಸ್ ಮಾಡ್ತಾನೋ, ಮುಲಾಮು ಹಚ್ಕೊಂಡು ಕೂರ್ತಾನೋ!”

“ಯಾರೋ ಹೇಳಿದ್ದು? ನಿನ್ನ ಎಡಗೈಯವನೇ ಹಬ್ಬಿಸಿರ್ತಾನೆ! ಹೆದರುಪುಕ್ಕಲ!”

ಇಪ್ಪತ್ತು ನಿಮಿಷ ವಾಗ್ಯುದ್ಧ ನಡೆಯಿತು. ಫೋನು ಕಿವಿ ಮತ್ತು ಭುಜದ ನಡುವೆ. ಬಾಯಿ ಏಣಿಯ ಪರವಾಗಿ. ಬಲಗೈ ಮಾತ್ರ ಮೂವತ್ತು ವರ್ಷದ ರೂಢಿಯಂತೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು. ಎದುರಾಳಿಯನ್ನು ಮಣ್ಣುಪಾಲು ಮಾಡಿ ಫೋನಿಟ್ಟು ನೋಡುತ್ತಾನೆ, ಮೂಲೆಯ ನೆಲ್ಲಿಮರದ ಬುಡದಿಂದ ಕಾಂಪೌಂಡಿನವರೆಗೆ ಹುಲ್ಲಿನ ನಡುವೆ ಒಂದು ಬೋಳು ಹೆದ್ದಾರಿ! ಬಾಚಣಿಗೆ ಹೊಸ್ತಿಲ ಮೇಲೆ ಪ್ರೇಕ್ಷಕನಂತೆ ಕೂತಿತ್ತು.

ಇನ್ನೊಬ್ಬನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದ. ಆದರೆ ಕ್ಷೌರಿಕನಿಗೆ ‘ಸಮ ಮಾಡುವುದು’ ಎಂಬ ಶಾಪವಿದೆ. ಎಡ ಕೆನ್ನೆಯ ಕೂದಲು ಗಿಡ್ಡವಾದರೆ ಬಲಗಡೆ ಸ್ವಲ್ಪ ಏರಿಸಬೇಕು. ಬಲ ಹೆಚ್ಚು ಏರಿದರೆ ಎಡ ಇನ್ನೊಂಚೂರು. ಹಾಗೆ ಏರಿಸಿ ಏರಿಸಿ ಕಿವಿಯ ಮೇಲಕ್ಕೆ ಹೋದ ಚರಿತ್ರೆ ಅವನ ಎಷ್ಟೋ ಗಿರಾಕಿಗಳಿಗುಂಟು. ಇಲ್ಲೂ ಅದೇ ಆಯಿತು. ಹೆದ್ದಾರಿಗೆ ಜೊತೆಯಾಗಿ ಆ ಕಡೆ ಒಂದು, ಈ ಕಡೆ ಒಂದು, ಅಂಚಿಗೊಂದು, ಅಡ್ಡಕ್ಕೊಂದು... ನಾಲ್ಕು ಗಂಟೆಗೆ ಎಲ್ಲವೂ ಸಮವಾಯಿತು. ಅಂದರೆ ಏನೂ ಉಳಿಯಲಿಲ್ಲ. ಬಿಳಿಚಿದ ಹಳದಿ ಕುಡಿಗಳ ನಡುವೆ ಮಣ್ಣು ಇಣುಕುತ್ತಿತ್ತು. ಮಾವ ಬುಡ ಬುಡವಾಗಿ ನೆಟ್ಟ ಹುಲ್ಲು ಕೋಳಿ ಕೆದಕಿದ ತಿಪ್ಪೆಯಾಗಿತ್ತು.

ಅದೇ ಹೊತ್ತಿಗೆ ಲಾಂಡ್ರಿಯಿಂದ ಹೆಂಡತಿಯ ಫೋನು: “ರೀ, ಅಮ್ಮ ನಾಳೆ ಸಂಜೆಯೇ ಬರ್ತಾರಂತೆ! ಎಲ್ರೂ ಹುಲ್ಲಿನ ಮೇಲೆ ಕೂತು ಪಂದ್ಯ ನೋಡ್ತಾರೆ ಅಂತ ನಮ್ಮ ಮಹರಾಯ ತಮ್ಮ ಹೇಳಿಬಿಟ್ಟಿದ್ದಾನೆ. ನಾನೂ ನೋಡ್ತೀನಿ ಅಂತ ಕುಣೀತಿದ್ದಾರೆ!”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಇವನ ಬಳಿ ಅದೂ ಇರಲಿಲ್ಲ! ಆಗ ನೆನಪಾದದ್ದು ಸಲೂನಿನ ಕಪಾಟಿನ ಮೇಲಿನ ಮೂರು ಬಾಟಲಿ. ಹಿಂದೊಮ್ಮೆ ಗಿಟಾರ್ ನುಡಿಸುವವನೊಬ್ಬ ಹಸಿರು ಕೂದಲು ಬೇಕೆಂದು ತರಿಸಿ, ತಾಯಿ ಅತ್ತಳೆಂದು ಬಾರದೆ ಹೋದದ್ದರಿಂದ ಉಳಿದಿದ್ದ ಹಸಿರು ಬಣ್ಣ.

ಸಂಜೆ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಾಗ ಅಂಪೈರು ಎರಡನೆಯ ಬಾಟಲಿಯನ್ನು ಸ್ಪ್ರೇಯಲ್ಲಿ ತುಂಬಿ ಕೊನೆಯ ಮೂಲೆಗೆ ಸಿಂಪಡಿಸುತ್ತಿದ್ದ.

“ಏನ್ರೀ ಇದು?”

“ಹುಲ್ಲು.”

“ಹುಲ್ಲಿಗೆ ಬಣ್ಣ ಹಾಕಿದ್ರಾ?”

“ಯಾಕೆ? ನರೆಗೂದಲಿಗೆ ಹಾಕಿದ್ರೆ ಅಲಂಕಾರ, ಹುಲ್ಲಿಗೆ ಹಾಕಿದ್ರೆ ಅಪರಾಧವಾ?”

ಅವಳು ಬಾಟಲಿ ಎತ್ತಿ ಓದಿದಳು. “‘ಅರ್ಧ ಗಂಟೆಯ ನಂತರ ಚೆನ್ನಾಗಿ ತೊಳೆಯಿರಿ. ಅಲ್ಲಿಯವರೆಗೆ ಬಟ್ಟೆಗೆ ತಾಗದಂತೆ ಎಚ್ಚರ ವಹಿಸಿ.’ ತೊಳೆದ್ರಾ?”

“ತೊಳೆದ್ರೆ ಮತ್ತೆ ತಿಪ್ಪೆ ಕಾಣಲ್ವೇನೇ! ಒಣಗಿದ ಮೇಲೆ ಎಲ್ಲೂ ಹತ್ತಲ್ಲ. ನೋಡು, ಮೂಲೆ ಮುಟ್ಟಿ ನೋಡು.”

ಅವಳು ಬೆರಳಾಡಿಸಿದಳು. ಒಣಗಿದ ಕಡೆ ನಿಜವಾಗಿಯೂ ಹತ್ತಲಿಲ್ಲ. “ಅಮ್ಮನ ಆಸೆ ಅದು, ರೀ,” ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಅಂಪೈರಿಗೆ ಎಷ್ಟೋ ಹಿತವಾಗುತ್ತಿತ್ತು.

ಭಾನುವಾರ ಸಂಜೆ, ಪಂದ್ಯಕ್ಕೆ ಸ್ವಲ್ಪ ಮೊದಲು ಅತ್ತೆ ಬಂದರು. ಕಪ್ಪು ಕನ್ನಡಕ ತೆಗೆದರು. ಹಿತ್ತಲ ಮೆಟ್ಟಿಲ ಮೇಲೆ ನಿಂತರು. ಅಂಪೈರು ಉಸಿರು ಬಿಗಿಹಿಡಿದ.

“ಅಯ್ಯೋ! ಇಷ್ಟು ಹಸಿರಾ!” ಅತ್ತೆ ಒಂದು ಮೆಟ್ಟಿಲು ಇಳಿದರು. “ಇಷ್ಟು ದಿನ ನಾನು ಏನೂ ನೋಡೇ ಇರಲಿಲ್ಲ ಕಣೇ! ಅವರು ಇದನ್ನ ನೋಡಬೇಕಿತ್ತು...”

ಅಂಪೈರಿನ ಎದೆಯೊಳಗೆ ಒಂದು ಸೂಜಿ ಆಡಿತು. ಆದರೂ ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಟ್ಟ. ಬಿಟ್ಟ ಉಸಿರು ಇನ್ನೂ ಗಾಳಿಯಲ್ಲಿರುವಾಗಲೇ ಅತ್ತೆ ಕೇಳಿದರು: “ಇವತ್ತು ನೀರು ಹಾಕಿದ್ರಾ?”

“ಹಾಕ್... ಬೇಡ ಅತ್ತೆ, ನೀವು ದಣಿದಿದ್ದೀರಿ!”

“ನನ್ನ ಕಣ್ಣಿಗೆ ಆಪರೇಷನ್ ಆಗಿರೋದು, ಕೈಗಲ್ಲ!” ಎಂದು ಅವರು ಝಾರಿ ಹಿಡಿದು ಇಡೀ ಹುಲ್ಲಿಗೆ ಸಡಗರದಿಂದ ನೀರು ಚಿಮುಕಿಸಿಯೇಬಿಟ್ಟರು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಹಂಸಗಳ ಹಿಂಡಿನಂತೆ ಏಳು ಮಂದಿ ಒಳಬಂದರು: ಭಾವಮೈದುನ, ಅಂಚೆಯಣ್ಣ, ಸಲೂನಿನ ಐದು ಗಿರಾಕಿಗಳು. ಬಿಳಿ ಅಂಗಿ, ಬಿಳಿ ಪ್ಯಾಂಟು. ಟಿವಿಯಲ್ಲಿ ಆಗಲೇ ಮೊದಲ ಸರ್ವಿಸ್. “ಅಯ್ಯಯ್ಯೋ, ನಿಂತೇ ನೋಡೋಣ, ನಿಂತು ನೋಡಿದ್ರೆ ಆಯಸ್ಸು ಹೆಚ್ಚುತ್ತೆ!” ಎಂದು ಅಂಪೈರು ಅಂಗಲಾಚಿದ. “ಹುಲ್ಲಿನ ಸುಖ ಹುಲ್ಲಿನ ಮೇಲೇ ಅಂದೋರು ಯಾರು ಭಾವ?” ಎಂದು ಭಾವಮೈದುನ ದೊಪ್ಪನೆ ಕೂತ. ಉಳಿದವರೂ ಕೂತರು. “ಆಹಾ, ತಂಪು!” ಎಂದ ಅಂಚೆಯಣ್ಣ.

ಅದು ಎಂಥ ಪಂದ್ಯ! ಒಂದು ಸೆಟ್ ಇವನಿಗೆ, ಒಂದು ಸೆಟ್ ಅವನಿಗೆ, ಮೂರನೆಯದು ಟೈಬ್ರೇಕರಿಗೆ. ಅಂಪೈರಿಗೆ ಚೆಂಡು ಕಾಣಲೇ ಇಲ್ಲ. ಅವನ ಕಣ್ಣು ಏಳು ಬಿಳಿ ಪ್ಯಾಂಟುಗಳ ಮೇಲಿತ್ತು. ಕೊನೆಗೆ ಏಣಿ ಮುಗಿಲಿನಿಂದ ಒಂದು ಏಸ್ ಇಳಿಸಿದ. ಆಟ ಮುಗಿಯಿತು! ಗೆದ್ದವರು ಹರ್ಷದಿಂದ, ಸೋತವರು ಸಂಕಟದಿಂದ ಏಕಕಾಲಕ್ಕೆ ಜಿಗಿದು ಎದ್ದರು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕಿರುಚಿದರು.

“ಅಯ್ಯೋ, ನನ್ನ ಕಣ್ಣು! ಏನೋ ಆಗೋಯ್ತು ಕಣೇ! ಎಲ್ಲರ ಹಿಂಭಾಗವೂ ಹಸಿರಾಗಿ ಕಾಣ್ತಿದೆ! ಡಾಕ್ಟರಿಗೆ ಫೋನ್ ಮಾಡು! ಆಪರೇಷನ್ ಕೆಟ್ಟಿದೆ!”

ಕಣ್ಣನ್ನು ಮುಚ್ಚುತ್ತಿದ್ದರು, ತೆರೆಯುತ್ತಿದ್ದರು. ಅಂಪೈರಿಗೆ ಅದನ್ನು ನೋಡಲಾಗಲಿಲ್ಲ. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಹೋಗಿ ಅವರ ಕಾಲಬಳಿ ಕುಕ್ಕರಿಸಿದ.

“ಅತ್ತೆ, ನಿಮ್ಮ ಕಣ್ಣು ಚೆನ್ನಾಗಿದೆ. ಕೆಟ್ಟಿರೋದು ನನ್ನ ತಲೆ. ಅದು ಹುಲ್ಲಿನ ಬಣ್ಣ ಅಲ್ಲ, ಬಾಟಲಿ ಬಣ್ಣ, ಮೂರರಲ್ಲಿ ಎರಡು ಬಾಟಲಿ ಸುರಿದಿದ್ದೀನಿ. ಹುಲ್ಲನ್ನ ನಾನು ನಿನ್ನೆ... ಮೆಷಿನ್ನಿನ ಬಾಚಣಿಗೆ ಹೊಸ್ತಿಲ ಮೇಲೇ ಮರೆತು ಪೂರ್ತಿ ಬೋಳಿಸಿಬಿಟ್ಟೆ.”

ಏಳು ಮಂದಿ ತಂತಮ್ಮ ಹಿಂಭಾಗವನ್ನು ನೋಡಿಕೊಳ್ಳಲು ನಾಯಿ ಬಾಲ ಹುಡುಕುವಂತೆ ಗಿರಗಿರ ತಿರುಗತೊಡಗಿದರು.

“ಹಾಗಾದ್ರೆ... ಹಸಿರಾಗಿರೋದು ನಿಜವಾ? ನನ್ನ ಕಣ್ಣಿಗೇನೂ ಆಗಿಲ್ವಾ?”

“ಏನೇನೂ ಆಗಿಲ್ಲ, ಅಮ್ಮ,” ಎಂದಳು ಹೆಂಡತಿ.

ಅತ್ತೆ ಎದೆಯ ಮೇಲೆ ಕೈಯಿಟ್ಟು ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ತಿರುಗುತ್ತಿದ್ದ ಮಗನನ್ನು ನೋಡಿದರು. ಕಿಸಕ್ಕೆಂದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಗಿಸ್ಬೇಡ್ರೋ, ಹೊಲಿಗೆ ಬಿಚ್ಚೀತು!” ಎಂದು ಮತ್ತೆ ನಕ್ಕರು. ಕೊನೆಗೆ ಹುಲ್ಲಿಗಿಳಿದು, ಬಗ್ಗಿ, ಬೆರಳಿಂದ ಮಣ್ಣು ಕೆದಕಿ ನೋಡಿ ತೀರ್ಪು ಕೊಟ್ಟರು: “ಬುಡ ಇದೆ. ಅವರು ಗಟ್ಟಿಯಾಗಿ ನೆಟ್ಟಿದ್ದಾರೆ. ಹದಿನೈದು ದಿನ. ಬೆಳೆಯುತ್ತೆ ಬಿಡಿ!”

ತನ್ನದೇ ಮಾತು ಇಷ್ಟು ಸಿಹಿ ಎಂದು ಅಂಪೈರಿಗೆ ಅಂದೇ ಗೊತ್ತಾದದ್ದು. ತಲೆಯ ಮೇಲಿನ ಬೆಟ್ಟ ಇಳಿಸಿದಷ್ಟು ಹಗುರವಾಯಿತು.

“ಆದ್ರೆ ಅಳಿಯಂದ್ರೇ,” ಅತ್ತೆ ಮುಂದುವರಿಸಿದರು, “ಒಂಟಿಯಾಗಿ ಬೆಳೆಯೋಕೆ ಅದಕ್ಕೂ ಬೇಜಾರು. ಜೊತೆಗೊಬ್ಬರು ಬೇಕು. ಮೆಷಿನ್ ತನ್ನಿ. ಬಾಚಣಿಗೆ ಹೊಸ್ತಿಲ ಮೇಲೇ ಇರಲಿ.”

ಅಂಪೈರಿನ ಕೈ ಕ್ರಾಪಿನ ಮೇಲೆ ಹೋಯಿತು. “ಅತ್ತೆ, ಕಸುಬಿನ ಪ್ರಶ್ನೆ...”

“ತಲೆ ಸ್ವಲ್ಪ ಬಗ್ಗಿಸಿ,” ಎಂದರು ಅತ್ತೆ.

ಮರುದಿನದಿಂದ ಊರಲ್ಲಿ ಎಡಗೈ, ಏಣಿ, ರಬ್ಬರ್ ಮೂವರೂ ಬದಿಗೆ ಸರಿದರು. ಹೊಸ ಪಂದ್ಯ: ಹುಲ್ಲೋ, ತಲೆಯೋ? ಭಾವಮೈದುನ ಹುಲ್ಲಿನ ಪಕ್ಷ. ಅಂಚೆಯಣ್ಣ ಕರುಣೆಯಿಂದ ತಲೆಯ ಪಕ್ಷ. ಅಂಪೈರು ಬೆಳಿಗ್ಗೆ ಎರಡಕ್ಕೂ ನೀರು ಹಾಕಿ, ದಿನವಿಡೀ ತಲೆಗೆ ಟವೆಲು ಸುತ್ತಿ, ಸಂಜೆ ಲಾಂಡ್ರಿಯ ಹಿಂದೆ ಕೂತು ಏಳು ಪ್ಯಾಂಟು ಉಜ್ಜುತ್ತಿದ್ದ.

ಹದಿನೈದನೆಯ ದಿನ ಸಂಜೆ ಎಲ್ಲರೂ ಹಿತ್ತಲಲ್ಲಿ ನೆರೆದರು. ಈ ಸಲ ಕಡುಬಣ್ಣದ ಬಟ್ಟೆಯಲ್ಲಿ. ಅತ್ತೆ ಅಳತೆಪಟ್ಟಿ ಹಿಡಿದು, ಕನ್ನಡಕವಿಲ್ಲದೆಯೇ ಹುಲ್ಲಿನ ಮೇಲೆ ಬಗ್ಗಿದರು. ಎಳೆಹಸಿರು, ತುಂಬುಹಸಿರು, ಅಸಲಿ ಹಸಿರು!

“ಎಂಟು ಮಿಲಿಮೀಟರ್!” ಎಂದು ಸಾರಿದರು. “ಸರಿಯಾಗಿ ಎಂಟು!”

ಚಪ್ಪಾಳೆ. ಆಮೇಲೆ ಅಂಪೈರಿನ ಸರದಿ; ಟವೆಲು ಬಿಚ್ಚಿದ. ಮುಂಭಾಗ ಐದು. ಬದಿ ಐದು. ಅತ್ತೆಯ ಬೆರಳು ನೆತ್ತಿಗೆ ಬಂತು, ನಿಂತಿತು, ಅತ್ತಿತ್ತ ತಡಕಾಡಿತು.

“ಇಲ್ಲಿ ಬುಡವೇ ಇಲ್ವಲ್ಲೇ ಮಗಳೇ!”

“ಔಟ್!” ಎಂದ ಭಾವಮೈದುನ.

ಮೂವತ್ತು ವರ್ಷ ಎಳೆದು ಕಟ್ಟಿದ ಗುಟ್ಟು ಎಲ್ಲರೆದುರು ಬಯಲಾಗಿ, ಸಂಜೆಬಿಸಿಲಿಗೆ ಫಳಫಳ ಹೊಳೆಯಿತು. ಅಂಪೈರು ತಲೆ ತಗ್ಗಿಸಿದ. ತಗ್ಗಿಸಿದಷ್ಟೂ ಅದು ಇನ್ನಷ್ಟು ಚೆನ್ನಾಗಿ ಕಂಡಿತು. ಅತ್ತೆಗೆ ಕನಿಕರ ಹುಟ್ಟಿತು. ಅಳಿಯನ ನೆತ್ತಿಯನ್ನು ಮೆಲ್ಲನೆ ಸವರಿ ಕೇಳಿದರು:

“ಮೂರರಲ್ಲಿ ಒಂದು ಬಾಟಲಿ ಉಳಿದಿದೆಯಲ್ಲ, ಅಳಿಯಂದ್ರೇ?”